ಎಂಟು ಜನ, ಇನ್ನೂರ ನಲವತ್ತು ಚದರಡಿ



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ನಮ್ಮ ಗಾದೆಗೆ ಅಮೆರಿಕದಲ್ಲಿ ಇನ್ನೊಂದು ಸಾಲು ಸೇರಿಸಬಹುದು: ಮನೆ ಮುಗಿಯುವ ತನಕ ಆರು ಮಕ್ಕಳ ಜೊತೆ ಟ್ರೇಲರಿನಲ್ಲಿ ಸಂಸಾರ ಮಾಡಿ ನೋಡು! ಸೈಟಿನ ಮೂಲೆಯಲ್ಲಿ ಶೆಡ್ ಹಾಕಿಕೊಂಡು ಮನೆ ಕಟ್ಟಿಸಿದವರನ್ನು ಊರಿನಲ್ಲಿ ನಾವೆಲ್ಲ ನೋಡಿದ್ದೇವೆ. ಇಲ್ಲಿ ಆ ಶೆಡ್ಡಿಗೆ ಚಕ್ರ ಇರುತ್ತದೆ, ಅಷ್ಟೇ.

ನನ್ನ ತಂಡದಲ್ಲಿ ಅಮೆರಿಕನ್ ಸಹೋದ್ಯೋಗಿಯೊಬ್ಬರಿದ್ದಾರೆ. ಕೆಲಸ ಮನೆಯಿಂದಲೇ. ಪೇಟೆಯ ಮನೆ ಮಾರಿ, ಮಿಸ್ಸೌರಿಯ ಓಝಾರ್ಕ್ ಗುಡ್ಡಗಳ ನಡುವೆ 10 ಎಕರೆ ಜಮೀನು ಕೊಂಡರು. ಸಾಲವಿಲ್ಲದ ಸ್ವಂತ ಮನೆ, ನಾಲ್ಕು ಕೋಳಿ, ಒಂದು ತೋಟ ಅವರ ಕನಸು. ಇದಕ್ಕೆ ಇಲ್ಲಿನವರು ಹೋಮ್‌ಸ್ಟೆಡ್ ಅನ್ನುತ್ತಾರೆ. ಮನೆ ಆಗುವವರೆಗೆ ಗಂಡ, ಹೆಂಡತಿ, ಆರು ಮಕ್ಕಳ ವಾಸ 30 ಅಡಿ ಉದ್ದ, 8 ಅಡಿ ಅಗಲದ ಟ್ರೇಲರಿನಲ್ಲಿ. ತಲೆಗೆ 30 ಚದರಡಿ, ಅಂದರೆ ಒಂದು ಕ್ವೀನ್ ಸೈಜ್ ಹಾಸಿಗೆಗಿಂತಲೂ ಕಡಿಮೆ! ಒಂದು ವರ್ಷದ ಲೆಕ್ಕ ಹಾಕಿದ್ದರು. ಈಗ ಮೂರನೆಯದು ನಡೆಯುತ್ತಿದೆ.

ಹೋಮ್‌ಸ್ಟೆಡ್ ಎಂಬ ಮಾತಿಗೆ ದೊಡ್ಡ ಇತಿಹಾಸವಿದೆ. ಅಧ್ಯಕ್ಷ ಲಿಂಕನ್ 1862ರಲ್ಲಿ ಸಹಿ ಹಾಕಿದ ಕಾಯಿದೆಯ ಪ್ರಕಾರ, ಐದು ವರ್ಷ ವಾಸವಿದ್ದು, ಮನೆ ಕಟ್ಟಿ, ಉಳುಮೆ ಮಾಡಿದವರಿಗೆ 160 ಎಕರೆವರೆಗೆ ಸರ್ಕಾರಿ ಭೂಮಿ ಸಿಗುತ್ತಿತ್ತು. ಕೊಡಬೇಕಾದದ್ದು ಸಣ್ಣ ಶುಲ್ಕ ಮಾತ್ರ. ಸುಮಾರು 16 ಲಕ್ಷ ಅರ್ಜಿಗಳು ಹೀಗೆ ಊರ್ಜಿತವಾದವು. ಆ ಭೂಮಿ ಖಾಲಿ ಬಿದ್ದಿದ್ದಲ್ಲ, ಅಲ್ಲಿನ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಎಂಬುದನ್ನೂ ಮರೆಯಬಾರದು. 1976ರಲ್ಲಿ ಕಾಯಿದೆ ರದ್ದಾಯಿತು, ಅಲಾಸ್ಕದಲ್ಲಿ ಮಾತ್ರ 1986ರವರೆಗೆ ಉಳಿದಿತ್ತು. ಈಗ ಫೆಡರಲ್ ಸರ್ಕಾರದಿಂದ ಹಾಗೆ ಜಮೀನು ಸಿಗುವುದಿಲ್ಲ. ದುಡ್ಡು ಕೊಟ್ಟೇ ಕೊಳ್ಳಬೇಕು.

ಸರಿ, ಟ್ರೇಲರಿಗೆ ಬರೋಣ. ನಾನು ಇಂಜಿನಿಯರ್ ತಾನೇ, ಲೆಕ್ಕ ಹಾಕದಿದ್ದರೆ ನಿದ್ದೆ ಬಾರದು! ಇಂಥ ಟ್ರೇಲರಿನ ನೀರಿನ ಟ್ಯಾಂಕ್ ಸಾಮಾನ್ಯವಾಗಿ 40 ಗ್ಯಾಲನ್, ಅಂದರೆ 150 ಲೀಟರ್. ಎಂಟು ಜನಕ್ಕೆ ಹಂಚಿದರೆ ತಲೆಗೆ 19 ಲೀಟರೂ ಇಲ್ಲ. ನಮ್ಮ ಕಡೆಯ ಒಂದು ಬಕೆಟ್! ಸ್ನಾನ, ಪಾತ್ರೆ, ಅಡುಗೆ ಎಲ್ಲ ಅದರಲ್ಲೇ. ಕರೆಂಟು 30 ಆಂಪಿಯರ್, 120 ವೋಲ್ಟ್, ಒಟ್ಟು 3600 ವ್ಯಾಟ್. ಹೀಟರ್, ಮೈಕ್ರೋವೇವ್, ನೀರು ಕಾಯಿಸುವ ಯಂತ್ರ ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬಿತ್ತು ಎಂದೇ ಅರ್ಥ.

ಆದರೆ ನಿಜವಾದ ವೈರಿ ತೇವ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಒಲೆಯ ಆವಿ, ಎಂಟು ಜನರ ಉಸಿರು, ಒಣಗದ ಬಟ್ಟೆ ಎಲ್ಲ ಸೇರಿ ತೆಳುವಾದ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಇಳಿಯುತ್ತದೆ. ಎರಡನೆಯ ಚಳಿಗಾಲದಲ್ಲಿ ಅವರ ಮಕ್ಕಳ ಹಾಸಿಗೆಯಡಿ ಬೂಷ್ಟು ಹಿಡಿಯಿತು. ಎರಡು ವರ್ಷದ ಕಿರಿಯ ಮಗುವಿಗೆ ಹತ್ತಿದ ಕೆಮ್ಮು ಬಿಡಲೇ ಇಲ್ಲ. ವೈದ್ಯರು, "ಮೊದಲು ಈ ಮಗು ಮಲಗುವ ಜಾಗ ಬದಲಿಸಿ" ಅಂದರು. ಛಾವಣಿಗೆಂದು ಕೂಡಿಟ್ಟಿದ್ದ ಹಣದಲ್ಲಿ ಮೂರು ತಿಂಗಳು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದರು. ಆ ವಾರ ಫೋನಿನಲ್ಲಿ ಅವರ ದನಿ ಕುಗ್ಗಿತ್ತು. "ನಾವು ಸೋತೆವು" ಅಂದರು.

ಸೋಲು ಅನ್ನಿಸಬೇಕಾಗಿಲ್ಲ. ನಮ್ಮ ಮಕ್ಕಳು ಓದುವ 'ಲಿಟ್ಲ್ ಹೌಸ್' ಪುಸ್ತಕಗಳ ಲಾರಾ ಇಂಗಲ್ಸ್ ವೈಲ್ಡರ್ ಅವರ ಕುಟುಂಬ ಡಕೋಟಾದ ಡಿ ಸ್ಮೆಟ್ ಬಳಿ ಹೋಮ್‌ಸ್ಟೆಡ್ ಹಿಡಿದಿತ್ತು. ಅಪ್ಪ, ಅಮ್ಮ, ನಾಲ್ಕು ಹೆಣ್ಣುಮಕ್ಕಳು ಚಿಕ್ಕದೊಂದು ಹಲಗೆ ಗುಡಿಸಲಿನಲ್ಲಿದ್ದರು. 1880-81ರ ಭೀಕರ ಚಳಿಗಾಲಕ್ಕೆ ಅವರು ಗುಡಿಸಲು ಬಿಟ್ಟು ಪೇಟೆಯ ಕಟ್ಟಡಕ್ಕೆ ಬಂದರು. ವಸಂತ ಬಂದ ಮೇಲೆ ಜಮೀನಿಗೆ ಮರಳಿದರು. ಜಮೀನು ಎಲ್ಲೂ ಓಡಿಹೋಗುವುದಿಲ್ಲ. ಮಗುವಿನ ಶ್ವಾಸಕೋಶ ಮಾತ್ರ ಕಾಯುವುದಿಲ್ಲ.

ಇನ್ನೊಂದು ಮಾತು. ಹದಿನೈದು ವರ್ಷದ ಹಿರಿಯ ಮಗಳಿಗೆ ಬಟ್ಟೆ ಬದಲಿಸಲೂ ಮರೆಯಿರಲಿಲ್ಲ. ಓದಲು ಹೋಗಿ ಕಾರಿನೊಳಗೆ ಕೂರುತ್ತಿದ್ದಳಂತೆ. ಇದನ್ನು ಕಂಡ ತಾಯಿ ಮನೆಯ ಗೋಡೆ ಕೆಲಸ ನಿಲ್ಲಿಸಿ, ಮೊದಲು 10 ಅಡಿಗೆ 12 ಅಡಿಯ ಒಂದು ಶೆಡ್ ಕಟ್ಟಿಸಿದರು. ದೊಡ್ಡ ಮಕ್ಕಳಿಗೆ ಅದು ಓದುವ ಕೋಣೆ, ಮಳೆ ಬಂದಾಗ ಬಟ್ಟೆ ಒಣಗಿಸುವ ಜಾಗ. ಮನೆ ಎರಡು ತಿಂಗಳು ತಡವಾಯಿತು. ಜಗಳ ಅರ್ಧಕ್ಕರ್ಧ ಇಳಿಯಿತು!

ಅವರನ್ನು ನೋಡಿ ನಾನು ತಿಳಿದುಕೊಂಡ ಕ್ರಮ ಇಷ್ಟು. ಜಮೀನು ಕೊಳ್ಳುವ ಮೊದಲೇ ಕೌಂಟಿ ಕಚೇರಿಗೆ ಹೋಗಿ, ಸ್ವಂತ ಜಮೀನಿನಲ್ಲಿ ಟ್ರೇಲರ್ ವಾಸಕ್ಕೆ ಅನುಮತಿ ಇದೆಯೇ, ಎಷ್ಟು ದಿನಕ್ಕೆ ಎಂದು ಕೇಳಬೇಕು. ಕೌಂಟಿಯಿಂದ ಕೌಂಟಿಗೆ ಕಾನೂನು ಬೇರೆ. ಮಣ್ಣು ನೀರು ಹೀರುತ್ತದೆಯೇ ಎಂಬ ಪರೀಕ್ಷೆಯಾಗಬೇಕು, ಇಲ್ಲದಿದ್ದರೆ ಸೆಪ್ಟಿಕ್ ಟ್ಯಾಂಕಿಗೆ ಒಪ್ಪಿಗೆ ಸಿಗುವುದು ಕಷ್ಟ. ಆಮೇಲೆ ಬೋರ್‌ವೆಲ್, ಕರೆಂಟು, ಕೊನೆಗೆ ಪಾಯ. ಪಾಯ ನೆಲ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗಿರಬೇಕು. ಉತ್ತರ ಮಿನ್ನೆಸೋಟಾದಲ್ಲಿ ಅದು 5 ಅಡಿ! ಟ್ರೇಲರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬಾರದು. ಒಂದು ಚಳಿಗಾಲದ ಬಾಡಿಗೆ ಹಣ ಬೇರೆಯೇ ಇರಬೇಕು.

ನಮ್ಮಲ್ಲೂ ಕೆಲವರಿಗೆ ಈ ಆಸೆ ಇದೆ, ಪಾಟ್‌ಲಕ್‌ಗಳಲ್ಲಿ ಕೇಳಿದ್ದೇನೆ. ಎಚ್-1ಬಿ ವೀಸಾದಲ್ಲಿರುವವರು ಒಂದು ವಿಷಯ ನೆನಪಿಡಿ. ಕೆಲಸ ಹೋದರೆ ಸಿಗುವ ಅವಧಿ ಹೆಚ್ಚೆಂದರೆ 60 ದಿನ. ಅರ್ಧ ಕಟ್ಟಿದ ಮನೆಯನ್ನು ಅಷ್ಟರಲ್ಲಿ ಮಾರುವುದು ಸುಲಭವಲ್ಲ. ಗ್ರೀನ್ ಕಾರ್ಡ್ ಕೈಗೆ ಬರಲಿ, ಜಮೀನು ಆಮೇಲೆ ನೋಡಿದರಾಯಿತು.

ಈ ಬೇಸಿಗೆಯಲ್ಲಿ ಅವರ ಮನೆಗೆ ಛಾವಣಿ ಬಿತ್ತು. ಎರಡು ಕೋಣೆ ಮಾತ್ರ ಬೆಚ್ಚಗಿವೆ, ನೆಲ ಇನ್ನೂ ಬರೀ ಪ್ಲೈವುಡ್. ಬ್ಯಾಂಕ್ ಸಾಲ ಒಂದು ಡಾಲರೂ ಇಲ್ಲ. ಕಿರಿಯವನ ಕೆಮ್ಮು ನಿಂತಿದೆ. ಇನ್ನೊಮ್ಮೆ ಹೀಗೆ ಮಾಡುತ್ತೀರಾ ಎಂದು ಕೇಳಿದೆ. ಅವರು "ಮಾಡುತ್ತೇನೆ" ಅಂದರು. ಅವರ ಹೆಂಡತಿ ಹಿಂದಿನಿಂದ, "ಮೊದಲು ಶೆಡ್ ಕಟ್ಟಿದರೆ ಮಾತ್ರ!" ಅಂದರು.