ನಿಮಗಿದು ಗೊತ್ತೆ? ಏಳು ತಂತಿಗಳ ಪಿಟೀಲು

ಧ್ವನಿವರ್ಧಕಗಳು ಇನ್ನೂ ರೂಢಿಗೆ ಬಾರದಿದ್ದ ಕಾಲದಲ್ಲಿ, ಗಾಯಕರ ತುಂಬುಕಂಠಕ್ಕೆ ಸರಿದೊರೆಯಾಗಿ ಪಿಟೀಲಿನ ನಾದವೂ ಸಭೆಯ ಕಡೆಯ ಸಾಲನ್ನು ಮುಟ್ಟಬೇಕೆಂದು ಬಯಸಿ, ವಾಡಿಕೆಯ ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಕೂಡಿಸಿ, ಕಮಾನಿನ ಒಂದೇ ಎಳೆತಕ್ಕೆ ಎರಡು ಸ್ಥಾಯಿಗಳು ಒಡಗೂಡಿ ಮೊಳಗುವಂತೆ ವಾದ್ಯವನ್ನು ಮಾರ್ಪಡಿಸಿದವರು ಮೈಸೂರಿನ ಟಿ. ಚೌಡಯ್ಯನವರು.

ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಜನಿಸಿ, ಗಾಯಕಶ್ರೇಷ್ಠರಾದ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡು, ಚೆಂಬೈ ವೈದ್ಯನಾಥ ಭಾಗವತರೇ ಮೊದಲಾದವರಿಗೆ ಪಕ್ಕವಾದ್ಯ ನುಡಿಸಿ ಪ್ರಖ್ಯಾತರಾದ ಈ ಮಹನೀಯರು, 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದಿಗೆ ಭಾಜನರಾಗಿ, 1967ರಲ್ಲಿ ದಿವಂಗತರಾದರು.

ಅವರ ಸ್ಮರಣಾರ್ಥವಾಗಿ ಬೆಂಗಳೂರಿನಲ್ಲಿ ನಿರ್ಮಿತವಾಗಿ 1980ರಲ್ಲಿ ತೆರೆದ ಸಭಾಭವನವು ತಂತಿ, ಬಿರಡೆ, ಕುದುರೆ, ಕಮಾನುಗಳ ಸಮೇತ ಪಿಟೀಲಿನ ಆಕಾರದಲ್ಲಿಯೇ ಇರುವುದು.