ಲಾರಿ ಕುಗ್ಗಿತು, ಗುರುತ್ವ ಕುಗ್ಗಲಿಲ್ಲ

ನಿಲ್ಲಿಸಿಟ್ಟ ಮಾದರಿ ಲಾರಿಯ ಫೋಟೊ ನಮ್ಮನ್ನು ಸಲೀಸಾಗಿ ಯಾಮಾರಿಸುತ್ತದೆ. ಚಕ್ರದ ನಟ್ಟು, ಕ್ಯಾಬಿನ್ನಿನ ಬೆನ್ನಿಗೆ ಜೋತ ಗಾಳಿ ಪೈಪಿನ ಸುರುಳಿ, ಡೀಸೆಲ್ ಟ್ಯಾಂಕಿನ ಮೇಲೆ ಬೇಕೆಂದೇ ಬಳಿದ ತುಕ್ಕಿನ ಬಣ್ಣ, ವೈಪರಿನ ಅಡಿಯಲ್ಲಿ ಕೂತ ಧೂಳು ಎಲ್ಲವೂ ಇದ್ದಲ್ಲಿ ಇದ್ದರೆ ಅದರ ಎತ್ತರ ಒಂದಡಿಯೂ ಇಲ್ಲವೆಂದು ಯಾರಿಗೂ ಹೊಳೆಯದು. ಅದೇ ಲಾರಿ ನಾಲ್ಕು ಮಾರು ಓಡಲಿ, ಗುಟ್ಟು ರಟ್ಟಾಗುತ್ತದೆ. ಸಣ್ಣ ಕಲ್ಲು ಹತ್ತಿದರೆ ಟಣ್ಣನೆ ಪುಟಿಯುತ್ತದೆ, ಬ್ರೇಕ್ ಒತ್ತಿದರೆ ನೆಟ್ಟಂತೆ ನಿಲ್ಲುತ್ತದೆ, ತಿರುವಿನಲ್ಲಿ ವಾಲುವುದೇ ಇಲ್ಲ. ಆಕಾರದಲ್ಲಿ ಕೂದಲೆಳೆಯ ತಪ್ಪಿಲ್ಲದಿದ್ದರೂ ಇದು 40 ಟನ್ನಿನ ಗಾಡಿ ಎಂದರೆ ಕಣ್ಣು ಒಪ್ಪುವುದಿಲ್ಲ. ರೇಡಿಯೊ ನಿಯಂತ್ರಣದ ದೊಡ್ಡ ಮಾದರಿ ಲಾರಿಗಳನ್ನು ಕಟ್ಟುವವರ ದುಡ್ಡು, ರಜಾದಿನ, ಬುದ್ಧಿವಂತಿಕೆಗಳ ಬಹುಪಾಲು ಖರ್ಚಾಗುವುದು ಈ ಒಪ್ಪಿಗೆ ಪಡೆಯುವುದಕ್ಕೆ.

ಈ ಹವ್ಯಾಸಕ್ಕೆ ಎರಡು ತವರು: ಜಪಾನ್ ಮತ್ತು ಜರ್ಮನಿ. ಜಪಾನಿನ ಶಿಜುವೊಕಾದ ತಾಮಿಯಾ ಕಂಪನಿ 1946ರಲ್ಲಿ ಮರದ ವ್ಯಾಪಾರವಾಗಿ ಹುಟ್ಟಿತು. ಮೊದಲು ಮರದ ಮಾದರಿಗಳು, ಆಮೇಲೆ ಪ್ಲಾಸ್ಟಿಕ್ಕಿನವು, 1976ರಲ್ಲಿ ರೇಡಿಯೊದಿಂದ ಓಡುವ ಪೋರ್ಷೆ ಕಾರು. 1993ರಲ್ಲಿ ಅದು ‘ಕಿಂಗ್ ಹಾಲರ್’ ಎಂಬ, ಮೂತಿ ಉದ್ದದ ಅಮೆರಿಕನ್ ಶೈಲಿಯ ಟ್ರಕ್ಕನ್ನು 1:14 ಅಳತೆಯಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಸ್ಕಾನಿಯಾ, ವೋಲ್ವೊ, ಮರ್ಸಿಡಿಸ್‌ಗಳು ಮುಂದಿನ ವರ್ಷಗಳಲ್ಲಿ ಬಂದವು. ಜರ್ಮನಿಯಲ್ಲಿ ವೆಡಿಕೊ ಎಂಬ ಕಂಪನಿ ಅದಕ್ಕೂ ಮೊದಲೇ 1:16ರ ಅಲ್ಯೂಮಿನಿಯಂ ಟ್ರಕ್ಕುಗಳನ್ನು ಮಾಡುತ್ತಿತ್ತು. ಡಾರ್ಟ್‌ಮಂಡ್ ನಗರದಲ್ಲಿ ನಡೆಯುವ ಇಂಟರ್‌ಮಾಡೆಲ್‌ಬೌ ಮೇಳದಲ್ಲಿ ಇಂಥ ಗಾಡಿಗಳಿಗೆ ರಸ್ತೆಗಳನ್ನೇ ಹಾಸಿರುತ್ತಾರೆ. ತಲೆ ನೆರೆತವರು ಕೊರಳಿಗೆ ರಿಮೋಟ್ ನೇತುಹಾಕಿಕೊಂಡು ಗಂಟೆಗಟ್ಟಲೆ ಮಣ್ಣು ಸಾಗಿಸುತ್ತಾರೆ. ಮಕ್ಕಳ ಆಟವಲ್ಲ ಇದು, ಬೆಲೆ ನೋಡಿದವರಿಗೆ ಆ ಅನುಮಾನ ಬರುವುದೂ ಇಲ್ಲ.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಲಾರಿ ಇರುವುದಿಲ್ಲ. ಚಾಸಿಗೆ ಎರಡು ಉದ್ದನೆಯ ಅಲ್ಯೂಮಿನಿಯಂ ಪಟ್ಟಿಗಳು, ಉಕ್ಕಿನ ಲೀಫ್ ಸ್ಪ್ರಿಂಗುಗಳು, ಪೊಟ್ಟಣಗಟ್ಟಲೆ ಸ್ಕ್ರೂ, ಹಲ್ಲುಚಕ್ರ, ಟೊಳ್ಳು ರಬ್ಬರ್ ಟೈರು, ಕ್ಯಾಬಿನ್ನಿನ ಪ್ಲಾಸ್ಟಿಕ್ ಹಲಗೆಗಳು, ಒಂದು ಮೋಟಾರು ಇರುತ್ತವೆ. ರೇಡಿಯೊ, ಸರ್ವೊ ಮೋಟಾರು, ಬ್ಯಾಟರಿಗಳನ್ನು ಬೇರೆಯೇ ಕೊಳ್ಳಬೇಕು. ಕಟ್ಟುವ ಕ್ರಮ ನಿಜವಾದ ಲಾರಿಯದ್ದೇ. ಮೊದಲು ಚಾಸಿ, ಆಮೇಲೆ ಆಕ್ಸಲ್, ಗೇರ್ ಬಾಕ್ಸ್; ಕ್ಯಾಬಿನ್ ಎಲ್ಲಕ್ಕಿಂತ ಕೊನೆಗೆ. ಲೋಹಕ್ಕೆ ಲೋಹ ಕೂರುವ ಪ್ರತಿ ಸ್ಕ್ರೂವಿಗೂ ಸಡಿಲವಾಗದಂತೆ ಹಿಡಿದಿಡುವ ಅಂಟನ್ನು ಒಂದು ಹನಿ ಹಾಕದಿದ್ದರೆ ಮೋಟಾರಿನ ನಡುಕಕ್ಕೆ ಅವು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಯುರೋಪಿನಲ್ಲಿ ಸೆಮಿ ಟ್ರೈಲರ್ ಸೇರಿದ ಟ್ರಕ್ಕಿನ ಗರಿಷ್ಠ ಉದ್ದ ಸಾಮಾನ್ಯವಾಗಿ 16.5 ಮೀಟರ್, ಎತ್ತರ 4 ಮೀಟರ್. ಹದಿನಾಲ್ಕರಿಂದ ಭಾಗಿಸಿದರೆ ಉದ್ದ 118 ಸೆಂಟಿಮೀಟರ್, ಎತ್ತರ ಸುಮಾರು 29. ಊಟದ ಮೇಜನ್ನು ಪೂರ್ತಿ ಆಕ್ರಮಿಸುವ ಗಾತ್ರ. ಮನೆಯವರ ಸಹನೆಯನ್ನೂ ಬಿಡಿಭಾಗಗಳ ಪಟ್ಟಿಗೆ ಸೇರಿಸಬಹುದು.

ಇನ್ನು ಲೆಕ್ಕಕ್ಕೆ ಬರೋಣ. ಉದ್ದ 14 ಪಟ್ಟು ಕುಗ್ಗಿದರೆ ಮೇಲ್ಮೈ 14 ಗುಣಿಸು 14, ಅಂದರೆ 196 ಪಟ್ಟು ಕುಗ್ಗುತ್ತದೆ. ಗಾತ್ರ ಮತ್ತು ತೂಕ 2,744 ಪಟ್ಟು. ತುಂಬಿದ 40 ಟನ್ ಟ್ರಕ್ಕು ಈ ಲೆಕ್ಕದಲ್ಲಿ ಹದಿನಾಲ್ಕೂವರೆ ಕಿಲೊ ತೂಗಬೇಕು. ಮುಂದಿನ ಎಂಜಿನ್ ಗಾಡಿಯೊಂದನ್ನೇ ತೆಗೆದುಕೊಂಡರೆ ನಿಜದ್ದು ಏಳೆಂಟು ಟನ್, ಮಾದರಿಯದು ಮೂರು ಕಿಲೊಗಿಂತ ಕಡಿಮೆ ಇರಬೇಕು. ಮೋಟಾರು, ಬ್ಯಾಟರಿ ಸೇರಿ ಸಿದ್ಧವಾದ ಗಾಡಿ ಅದಕ್ಕಿಂತ ಹೆಚ್ಚೇ ತೂಗುತ್ತದೆ. ‘ತೂಕ ಸಾಲದು, ಅದಕ್ಕೇ ಆಟಿಕೆಯಂತೆ ಓಡುತ್ತದೆ’ ಎಂದು ಸೀಸದ ಗಟ್ಟಿಗಳನ್ನು ಪೇರಿಸುವವರು ರೋಗವನ್ನು ಅರ್ಧ ಮಾತ್ರ ಪತ್ತೆಹಚ್ಚಿದ್ದಾರೆ. ತೂಕ ಸಾಕಷ್ಟಿದೆ. ಕುಗ್ಗದೆ ಉಳಿದದ್ದು ಗುರುತ್ವ.

ಎರಡಾಳುದ್ದದ ಹಗ್ಗದ ಜೋಕಾಲಿ ಹೋಗಿ ಬರಲು ತೆಗೆದುಕೊಳ್ಳುವ ಹೊತ್ತಿಗೂ ಗೇಣುದ್ದದ ದಾರಕ್ಕೆ ಕಟ್ಟಿದ ಬೀಗದ ಕೈ ತೂಗುವ ಹೊತ್ತಿಗೂ ಎಷ್ಟು ವ್ಯತ್ಯಾಸ! ಎಳೆಯುವ ಭೂಮಿ ಒಂದೇ, ದಾರ ಗಿಡ್ಡವಾದಷ್ಟೂ ತೂಗಾಟ ಚುರುಕು. ಉದ್ದ 14 ಪಟ್ಟು ಕಡಿಮೆಯಾದರೆ ಕಾಲ ಕಡಿಮೆಯಾಗುವುದು 14ರ ವರ್ಗಮೂಲದಷ್ಟು, ಅಂದರೆ ಸುಮಾರು 3.7 ಪಟ್ಟು. ಸ್ಪ್ರಿಂಗಿನ ಮೇಲೆ ಕೂತ ಲಾರಿಗೂ ಇದೇ ನಿಯಮ. ತನ್ನ ಭಾರಕ್ಕೆ ಸ್ಪ್ರಿಂಗು 10 ಸೆಂಟಿಮೀಟರ್ ಕುಸಿದು ಕೂತ ನಿಜ ಲಾರಿ ಹಳ್ಳಕ್ಕಿಳಿದರೆ ಸೆಕೆಂಡಿಗೆ ಒಂದೂವರೆ ಸಲದಷ್ಟು ನಿಧಾನವಾಗಿ ಏಳುತ್ತ ಬೀಳುತ್ತದೆ. ಮಾದರಿಯ ಸ್ಪ್ರಿಂಗು ಅದೇ ಪ್ರಮಾಣದಲ್ಲಿ 7 ಮಿಲಿಮೀಟರ್ ಕುಸಿದರೆ ಸೆಕೆಂಡಿಗೆ ಆರು ಸಲ ಅದುರುತ್ತದೆ. ಕಣ್ಣಿಗೆ ಅದು ಏರಿಳಿತವಲ್ಲ, ನಡುಕ. ನಿಜ ಲಾರಿಯ ತಾಳವೇ ಬೇಕೆಂದರೆ ಮಾದರಿಯ ಸ್ಪ್ರಿಂಗು ಕೂಡ ಪೂರಾ 10 ಸೆಂಟಿಮೀಟರ್ ಕುಸಿಯಬೇಕು. ಅದರ ಚಕ್ರದ ಎತ್ತರವೇ ಸುಮಾರು 8 ಸೆಂಟಿಮೀಟರ್!

ಕಿಟ್ಟಿನಲ್ಲಿ ಬರುವ ಸ್ಪ್ರಿಂಗುಗಳಂತೂ 7 ಮಿಲಿಮೀಟರೂ ಬಗ್ಗದಷ್ಟು ಬಿರುಸು. ಆದ್ದರಿಂದ ಪಳಗಿದವರ ಮೊದಲ ಬದಲಾವಣೆ ಬಣ್ಣದಲ್ಲೂ ಅಲ್ಲ, ದೀಪದಲ್ಲೂ ಅಲ್ಲ. ಲೀಫ್ ಸ್ಪ್ರಿಂಗಿನಿಂದ ಒಂದೆರಡು ಪಟ್ಟಿ ಕಳಚಿ ಮೆದುಗೊಳಿಸುತ್ತಾರೆ, ಬೇಕಾದರೆ ಆಮೇಲೆ ತೂಕ ಸೇರಿಸುತ್ತಾರೆ. ನಡುಕವನ್ನು ಹೋಗಲಾಡಿಸಲಾಗದು, ಮುಚ್ಚಬಹುದು. ಅದಕ್ಕೆಂದೇ ದಪ್ಪ ಸಿಲಿಕೋನ್ ಎಣ್ಣೆ ತುಂಬಿದ ಪುಟ್ಟ ಶಾಕ್ ಅಬ್ಸಾರ್ಬರುಗಳಿವೆ. ಎಣ್ಣೆಯ ಜಿಗುಟು ಹೆಚ್ಚಿದಷ್ಟೂ ಗಾಡಿ ತಡವಾಗಿ ಏಳುತ್ತದೆ, ತಡವಾದಷ್ಟೂ ಭಾರವಾಗಿ ಕಾಣುತ್ತದೆ. ನಾನು ನೋಡಿದ ಮಟ್ಟಿಗೆ, ಲಾರಿಗೆ ಗಾಂಭೀರ್ಯ ತರುವುದರಲ್ಲಿ ಈ ಎಣ್ಣೆಯ ಪಾಲು ಥಳಥಳಿಸುವ ಯಾವ ಬಿಡಿಭಾಗಕ್ಕಿಂತಲೂ ದೊಡ್ಡದು.

ವೇಗದ ವಿಷಯಕ್ಕೆ ಬಂದರೆ ಇದೇ ವರ್ಗಮೂಲ ಇನ್ನೊಂದು ಗೊಂದಲ ತರುತ್ತದೆ. ಹೆದ್ದಾರಿಯ 80 ಕಿಲೊಮೀಟರ್ ವೇಗವನ್ನು 14ರಿಂದ ಭಾಗಿಸಿದರೆ ಗಂಟೆಗೆ 5.7 ಕಿಲೊಮೀಟರ್, ಬಿರುಸಾಗಿ ನಡೆಯುವವನ ವೇಗ. ಪಕ್ಕದಲ್ಲಿ ನಿಂತು ನೋಡುವವರ ಕಣ್ಣಿಗೆ ಇದೇ ಸರಿ. ಆದರೆ ಈ ವೇಗದಲ್ಲಿ ತಿರುವು ತೆಗೆದುಕೊಂಡಾಗ ಹೊರಕ್ಕೆ ತಳ್ಳುವ ಬಲ, ತೂಕಕ್ಕೆ ಹೋಲಿಸಿದರೆ, ನಿಜ ಲಾರಿಯದರ 14ನೇ ಒಂದು ಭಾಗ. ಲಾರಿ ವಾಲದಿರುವುದರ ರಹಸ್ಯ ಇದು. ವಾಲಬೇಕಾದರೆ ಗಂಟೆಗೆ 21 ಕಿಲೊಮೀಟರಿನಲ್ಲಿ ಓಡಿಸಬೇಕು, ಆಗ ಲಾರಿ ಬಾಣದಂತೆ ಹೋಗುತ್ತದೆ. ಹೀಗೆ ಒಂದೇ ಗಾಡಿಗೆ ಎರಡು ‘ಸರಿಯಾದ’ ವೇಗಗಳು. ಹಳೆಯ ಕಾಲದ ಸಿನಿಮಾ ತಂತ್ರಜ್ಞರಿಗೆ ಇದು ಗೊತ್ತಿತ್ತು. ಪುಟ್ಟ ಹಡಗು, ಪುಟ್ಟ ಅಣೆಕಟ್ಟುಗಳನ್ನು ಅವರು ಹೆಚ್ಚು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ನಿಧಾನವಾಗಿ ತೋರಿಸುತ್ತಿದ್ದರು. 1:14ರ ಲಾರಿಗೆ ಸೆಕೆಂಡಿಗೆ 24ರ ಬದಲು 90 ಚಿತ್ರಗಳು ಬೇಕು. ಮೊಬೈಲಿನಲ್ಲಿ 120 ಚಿತ್ರಗಳ ಸ್ಲೋ ಮೋಷನ್ ಇಟ್ಟು ಮೂವತ್ತರ ವೇಗದಲ್ಲಿ ತೋರಿಸಿದರೆ ನಾಲ್ಕು ಪಟ್ಟು ನಿಧಾನ, ಬೇಕಾದ 3.7ಕ್ಕೆ ತೀರ ಹತ್ತಿರ.

ತಾಮಿಯಾದ ಮೂರು ಗೇರಿನ ಪೆಟ್ಟಿಗೆ ಈ ಎರಡು ವೇಗಗಳಲ್ಲಿ ಮೊದಲನೆಯದಕ್ಕೆ ಹೊಂದುತ್ತದೆ, ಎರಡನೆಯದನ್ನು ಪೂರ್ತಿ ಮುಟ್ಟದಿದ್ದರೂ ಅದರತ್ತ ಸಾಗುತ್ತದೆ. ಮೊದಲ ಗೇರಿನಲ್ಲಿ ಮೋಟಾರು ಸುಮಾರು 32 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು, ಮೂರನೆಯದರಲ್ಲಿ ಸುಮಾರು 11 ಸುತ್ತಿಗೆ ಒಂದು. ಮೋಟಾರು ನಿಮಿಷಕ್ಕೆ 12,000 ಸುತ್ತು ತಿರುಗುತ್ತಿದ್ದರೆ ಮೊದಲ ಗೇರಿನಲ್ಲಿ ಗಂಟೆಗೆ ಐದೂವರೆ ಕಿಲೊಮೀಟರ್ ಚಿಲ್ಲರೆ, ಮೂರನೆಯದರಲ್ಲಿ ಹದಿನಾರು ಚಿಲ್ಲರೆ. ನೋಡುಗರೆದುರು ಓಡಿಸಲು ಮೊದಲ ಗೇರೇ ಸಾಕು ಎಂದಾಯಿತು. ಇನ್ನೂ ನಿಧಾನವೂ ಎಳೆತವೂ ಬೇಕೆನ್ನುವವರು 27 ಸುತ್ತು ತಂತಿಯ ಮಾಮೂಲಿ ಮೋಟಾರು ತೆಗೆದು 35 ಅಥವಾ 55 ಸುತ್ತಿನದನ್ನು ಹಾಕುತ್ತಾರೆ. ತಂತಿಯ ಸುತ್ತು ಹೆಚ್ಚಿದಂತೆ ಅದೇ ವೋಲ್ಟೇಜಿಗೆ ವೇಗ ಇಳಿಯುತ್ತದೆ, ಹರಿಯುವ ಪ್ರತಿ ಆಂಪಿಯರಿಗೂ ಸಿಗುವ ತಿರುಚುಬಲ ಏರುತ್ತದೆ.

ರೇಡಿಯೊ ಈಗ ಸಮಸ್ಯೆಯೇ ಅಲ್ಲ. ಚಕ್ರ ಹೊರಳಿಸುವ ಸರ್ವೊ ಮೋಟಾರಿಗೆ ಸೆಕೆಂಡಿಗೆ ಸುಮಾರು 50 ಸಲ ಹೋಗುವ ಮಿಡಿತಗಳಲ್ಲಿ ಒಂದೊಂದರ ಅಗಲ ಒಂದರಿಂದ ಎರಡು ಮಿಲಿಸೆಕೆಂಡ್. ಒಂದೂವರೆ ಎಂದರೆ ಚಕ್ರ ನೇರ, ಆಚೀಚೆಯಾದರೆ ಎಡ ಬಲ. ಹಿಂದೆ 27 ಮೆಗಾಹರ್ಟ್ಸ್‌ನಲ್ಲಿ ಇಬ್ಬರ ಬಳಿ ಒಂದೇ ಆವರ್ತನದ ಕ್ರಿಸ್ಟಲ್ ಇದ್ದರೆ ಒಬ್ಬನ ರಿಮೋಟಿಗೆ ಇನ್ನೊಬ್ಬನ ಲಾರಿ ಓಡುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ರಿಮೋಟುಗಳು ಆವರ್ತನದಿಂದ ಆವರ್ತನಕ್ಕೆ ಜಿಗಿಯುತ್ತ ಜೋಡಿಯನ್ನು ತಪ್ಪದೆ ಹಿಡಿದಿಟ್ಟುಕೊಳ್ಳುತ್ತವೆ.

ಸದ್ದು ಮಾತ್ರ ಜಟಿಲ. ಆರು ಸಿಲಿಂಡರಿನ ಡೀಸೆಲ್ ಎಂಜಿನ್ನು ನಿಂತಲ್ಲೇ ನಿಮಿಷಕ್ಕೆ 600 ಸುತ್ತು ತಿರುಗುವಾಗ ಸೆಕೆಂಡಿಗೆ 30 ಸಲ ಇಂಧನ ಉರಿಯುತ್ತದೆ. ಎದೆಗೆ ತಾಗುವ ಆ ಗುಡುಗುಡು 30 ಹರ್ಟ್ಸ್‌ನದು. ಅಂಗೈಯಗಲದ ಸ್ಪೀಕರಿನಿಂದ ಅಷ್ಟು ಕೆಳದನಿ ಹೊರಡುವುದಿಲ್ಲ, 60, 90, 120ರ ಮೇಲ್ದನಿಗಳೂ ಸೊರಗಿಯೇ ಬರುತ್ತವೆ. ಇಲ್ಲಿ ನೆರವಿಗೆ ಬರುವುದು ನಮ್ಮ ಮಿದುಳು. ಮೇಲ್ದನಿಗಳ ನಡುವಿನ ಅಂತರ 30 ಎಂದು ಗುರುತಿಸಿ, ಇಲ್ಲದ ಮೂಲದನಿಯನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಮೇಲ್ದನಿಗಳಾದರೂ ಚೆನ್ನಾಗಿ ಬರಲೆಂದು ಕಟ್ಟುವವರು ಸ್ಪೀಕರನ್ನು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ, ಚಾಲಕ ಮಲಗುವ ಜಾಗದಲ್ಲಿ ಅಡಗಿಸುತ್ತಾರೆ. ಜೊತೆಗೆ ಕ್ಯಾಬಿನ್ನನ್ನೇ ಸಣ್ಣಗೆ ನಡುಗಿಸುವ ಒಂದು ಪುಟ್ಟ ಘಟಕ. ಹೊಸ ಧ್ವನಿ ಘಟಕಗಳಲ್ಲಿ ಇನ್ನೊಂದು ಚಾಲಾಕಿತನವಿದೆ: ರಿಮೋಟಿನ ಕಡ್ಡಿ ತಳ್ಳಿದೊಡನೆ ಎಂಜಿನ್ ಸದ್ದು ಏರುತ್ತದೆ, ಚಕ್ರ ಒಂದು ಕ್ಷಣ ತಡೆದು ತಿರುಗುತ್ತದೆ. ಆ ವಿಳಂಬದಲ್ಲಿ ನಲವತ್ತು ಟನ್ ಇದೆ.

ಎಲ್ಲ ಕಡೆಯೂ ಕಾಡುವ ಈ ಗಣಿತ ಒಂದು ಕಡೆ ಕೈ ಹಿಡಿಯುತ್ತದೆ. ಟಿಪ್ಪರಿನ ತೊಟ್ಟಿ ಎತ್ತುವ ಜಾಕಿಯನ್ನು ನೋಡಿ. ಎತ್ತಬೇಕಾದ ಹೊರೆ 2,744 ಪಟ್ಟು ಇಳಿದಿದೆ, ಎಣ್ಣೆ ಒತ್ತುವ ಪಿಸ್ಟನ್ನಿನ ವಿಸ್ತೀರ್ಣ ಇಳಿದದ್ದು 196 ಪಟ್ಟು ಮಾತ್ರ. ಆದ್ದರಿಂದ ನಿಜ ಟಿಪ್ಪರಿಗೆ 200 ಬಾರ್ ಒತ್ತಡ ಬೇಕಿದ್ದರೆ ಮಾದರಿಗೆ 14 ಬಾರ್ ಸಾಕು. 1:14ರ ಟಿಪ್ಪರು, ಲೋಡರುಗಳಲ್ಲಿ ಇಂದು ನಿಜವಾದ ಹೈಡ್ರಾಲಿಕ್ಸ್ ಓಡುತ್ತಿರುವುದು ಈ ಕೃಪೆಯಿಂದ. 14 ಮಿಲಿಮೀಟರ್ ವ್ಯಾಸದ ಜಾಕಿಗೆ 20 ಬಾರ್ ಒತ್ತಡದ ಎಣ್ಣೆ ನುಗ್ಗಿದರೆ ಸುಮಾರು 30 ಕಿಲೊ ಎತ್ತುತ್ತದೆ. ಅದರ ನಡುವೆ ಕೈಬೆರಳು ಇಡಬೇಡಿ. ಇದೇ ಕಾರಣಕ್ಕೆ ಚಾಸಿಯೂ ಅಗತ್ಯಕ್ಕಿಂತ ಬಲು ಗಟ್ಟಿ, ಟ್ರೈಲರಿನ ಮೇಲೆ ಪುಟ್ಟ ಮಗು ಕೂತರೂ ಬಗ್ಗುವುದಿಲ್ಲ. ತೊಟ್ಟಿಗೆ ತುಂಬುವ ಮರಳು ಮಾತ್ರ ಕುಗ್ಗಲು ಒಪ್ಪದು. ಒಂದು ಮಿಲಿಮೀಟರಿನ ಕಾಳು ಆ ಲೋಕದಲ್ಲಿ 14 ಮಿಲಿಮೀಟರಿನ ಜಲ್ಲಿ.

ಇನ್ನು ಅಲಂಕಾರ. ಜಪಾನಿನಲ್ಲಿ ನಿಜ ಟ್ರಕ್ಕುಗಳನ್ನೇ ಕ್ರೋಮ್, ಚಿತ್ರ, ಬಣ್ಣದ ದೀಪಗಳಿಂದ ಸಿಂಗರಿಸುವ ‘ದೆಕೊತೊರಾ’ ಸಂಪ್ರದಾಯವಿದೆ. 1975ರಿಂದ ಬಂದ ‘ತೊರಕ್ಕು ಯಾರೊ’ ಸಿನಿಮಾ ಮಾಲಿಕೆ ಅದನ್ನು ಮನೆಮಾತಾಗಿಸಿತು, ಮಾದರಿಗಳಿಗೂ ಆ ಹುಚ್ಚು ಹತ್ತಿತು. ನಮ್ಮ ಲಾರಿಗಳದೂ ಅದೇ ಕತೆ. ಕಾರ್ಖಾನೆಯಿಂದ ಚಾಸಿ ಬರುತ್ತದೆ, ನಾಮಕ್ಕಲ್‌ನಂಥ ಊರುಗಳ ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಅದಕ್ಕೆ ರೂಪ, ಬಣ್ಣ, ‘ಸೌಂಡ್ ಹಾರ್ನ್’ ಎಲ್ಲ ಸೇರುತ್ತವೆ. ತಾಮಿಯಾ ಪೆಟ್ಟಿಗೆಯಲ್ಲಿ ಅಶೋಕ್ ಲೇಲ್ಯಾಂಡ್ ಸಿಗುವುದಿಲ್ಲವಾದ್ದರಿಂದ ದಕ್ಷಿಣ ಭಾರತದ ಹವ್ಯಾಸಿಗಳು ಪಿವಿಸಿ ಫೋಮ್ ಹಾಳೆ ಕತ್ತರಿಸಿ, ಅಂಟಿಸಿ, ಚಿಕ್ಕ ಗೇರ್ ಮೋಟಾರು ಕೂರಿಸಿ ಲಾರಿ, ಬಸ್ಸುಗಳನ್ನು ತಾವೇ ಸೃಷ್ಟಿಸುತ್ತಾರೆ. ನೋಟಕ್ಕೆ ಅವು ಯಾವ ವಿದೇಶಿ ಕಿಟ್ಟಿಗೂ ಕಡಿಮೆಯಿಲ್ಲ. ಸ್ಪ್ರಿಂಗಿಗೆ ಮಾತ್ರ ಹಲವರು ಗಮನ ಕೊಡುವುದಿಲ್ಲ, ಓಡಿದಾಗ ಅದು ಕಾಣುತ್ತದೆ.

ಕಟ್ಟಿ ಮುಗಿಸಿದವರಿಗೆ ಉಳಿಯುವ ಪರೀಕ್ಷೆ ಟ್ರೈಲರನ್ನು ಹಿಂದಕ್ಕೆ ಬಿಡುವುದು. ಹಿಂದೆ ಹೋಗುವಾಗ ಟ್ರೈಲರಿನ ಸಣ್ಣ ಓರೆ ತಾನಾಗಿ ಬೆಳೆಯುತ್ತದೆ. ಕೊಂಡಿಯಿಂದ ಹಿಂಬದಿ ಚಕ್ರಗಳವರೆಗಿನ ದೂರ ಮಾದರಿಯಲ್ಲಿ 55 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮುಂದಿನ ಗಾಡಿಯನ್ನು ನೇರವಾಗಿ ಹಿಂದೆ ಬಿಟ್ಟರೆ 3 ಡಿಗ್ರಿಯ ಓರೆ ಅಷ್ಟು ದೂರ ಹೋಗುವಷ್ಟರಲ್ಲಿ 8 ಆಗುತ್ತದೆ, ಮತ್ತೆ ಅಷ್ಟೇ ದೂರಕ್ಕೆ 22, ಇನ್ನೊಮ್ಮೆ ಅಷ್ಟಕ್ಕೆ 55. ನಿಜ ಲಾರಿಯಲ್ಲಿ ಇದಕ್ಕೆ 23 ಮೀಟರ್ ಬೇಕು. ಸೆಕೆಂಡಿಗೆ ಒಂದು ಮೀಟರ್ ಹೋಗುವ ಚಾಲಕನಿಗೆ ಕನ್ನಡಿ ನೋಡಿ ತಿದ್ದಿಕೊಳ್ಳಲು 23 ಸೆಕೆಂಡು. ಅದೇ ವೇಗದ ಮಾದರಿಯಲ್ಲಿ ಎರಡು ಸೆಕೆಂಡಿನೊಳಗೆ ಟ್ರೈಲರ್ ಮಡಚಿಕೊಂಡು ಕ್ಯಾಬಿನ್ನಿಗೆ ಗುದ್ದುತ್ತದೆ. ಮೇಲಾಗಿ ಗಾಡಿ ನಿಮ್ಮ ಕಡೆ ಮುಖ ಮಾಡಿ ನಿಂತಿದ್ದರೆ ಎಡ ಬಲ ಅದಲುಬದಲು. ಮೇಳಗಳಲ್ಲಿ ನುರಿತವರು ಮೊದಲ ಗೇರಿನಲ್ಲಿ ಗೇಣು ಗೇಣಾಗಿ ಹಿಂದೆ ಬಿಡುತ್ತ, ಓರೆ ಕಂಡೊಡನೆ ನಿಲ್ಲಿಸಿ, ನಾಲ್ಕು ಬೆರಳಷ್ಟು ಮುಂದೆ ಎಳೆದು ನೇರ ಮಾಡಿಕೊಂಡು, ಮತ್ತೆ ಬಿಡುತ್ತಾರೆ.