ಸ್ವಾತಂತ್ರ್ಯ ಯೋಧರ ಸಾಕ್ಷ್ಯ: ಜೈಲಿನ ಕಡತದಿಂದ ಧರಣಿಯ ಚಪ್ಪರದವರೆಗೆ

ಹಾಸನ: ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯ ಹಳ್ಳಿಗಳಿಗೆ 1947ರ ಆಗಸ್ಟ್ 15 ಸ್ವಾತಂತ್ರ್ಯದ ದಿನವೇನೋ ಆಗಿತ್ತು, ಆದರೆ ಪ್ರಜೆಗಳ ಸರ್ಕಾರ ಬಂದ ದಿನವಾಗಿರಲಿಲ್ಲ. ಹಾಸನ ಜಿಲ್ಲೆ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನ ಭಾರತ ಒಕ್ಕೂಟವನ್ನು ಸೇರಲು ಒಪ್ಪಿದ್ದರೂ ಆಡಳಿತ ಮಾತ್ರ ಮಹಾರಾಜರು ನೇಮಿಸಿದ ದಿವಾನರ ಕೈಯಲ್ಲೇ ಉಳಿದಿತ್ತು. ಚುನಾಯಿತ ಪ್ರತಿನಿಧಿಗಳಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರ ಬೇಕೆಂದು ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ಸೆಪ್ಟೆಂಬರ್ 13ರಂದು ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾದ. ಇಂದಿಗೂ ಅಲ್ಲಿನ ವೃತ್ತವೊಂದಕ್ಕೆ ಅವನ ಹೆಸರಿದೆ. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ, ಕೆ.ಸಿ. ರೆಡ್ಡಿ ನೇತೃತ್ವದ ಮಂತ್ರಿಮಂಡಲ ಅದೇ ತಿಂಗಳು ಅಧಿಕಾರ ವಹಿಸಿಕೊಂಡಿತು.

ಹಳೆಯ ಮೈಸೂರು ಸೀಮೆಯ ಹೋರಾಟಗಾರರ ಪರಂಪರೆಯನ್ನು ಅರಿಯಲು ಈ ಹಿನ್ನೆಲೆ ಅಗತ್ಯ. ಪರಕೀಯರು ತೊಲಗಿದ ಮಾತ್ರಕ್ಕೆ ಪ್ರಜೆಯ ಹಕ್ಕು ತಾನಾಗಿ ಕೈಗೆ ಬರುವುದಿಲ್ಲವೆಂಬುದನ್ನು ಅವರು ಎರಡೇ ತಿಂಗಳಲ್ಲಿ ಅನುಭವದಿಂದ ಕಂಡುಕೊಂಡಿದ್ದರು. ಅವರಲ್ಲಿ ಆ ಪಾಠವನ್ನು ಅತಿ ದೀರ್ಘಕಾಲ ಮರೆಯದೆ ಉಳಿದವರು ಎಚ್.ಎಸ್. ದೊರೆಸ್ವಾಮಿ.

1918ರ ಏಪ್ರಿಲ್ 10ರಂದು ಹಾರೋಹಳ್ಳಿಯಲ್ಲಿ ಜನಿಸಿದ ದೊರೆಸ್ವಾಮಿ 1942ರಲ್ಲಿ ಬೆಂಗಳೂರಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದರು. ಕ್ವಿಟ್ ಇಂಡಿಯಾ ಚಳವಳಿಯ ದಿನಗಳಲ್ಲಿ ಅಂಚೆ ಪೆಟ್ಟಿಗೆಗಳಲ್ಲಿ, ಸರ್ಕಾರಿ ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಸಣ್ಣ ಟೈಮ್ ಬಾಂಬುಗಳನ್ನಿಟ್ಟು ಕಾಗದಪತ್ರ ಸುಡುತ್ತಿದ್ದ ಗುಂಪಿನಲ್ಲಿ ಅವರಿದ್ದರು. ಜನರಿಗೆ ಗಾಯವಾಗಬಾರದು, ಆಡಳಿತ ಮಾತ್ರ ನಿಲ್ಲಬೇಕು ಎಂಬುದು ಅವರ ಲೆಕ್ಕಾಚಾರ. ಆ ವರ್ಷದ ಡಿಸೆಂಬರ್‌ನಲ್ಲಿ ಬಂಧಿತರಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹ ಸೇರಿದರು. ಬಿಡುಗಡೆಯ ನಂತರ ‘ಪೌರವಾಣಿ’ ಪತ್ರಿಕೆಯನ್ನು ನಡೆಸಿದ ಅವರು, ಮೈಸೂರು ಚಲೋ ಸಂದರ್ಭದಲ್ಲಿ ಸರ್ಕಾರದ ನಿರ್ಬಂಧ ಎದುರಾದಾಗ ಗಡಿಯಾಚೆಯ ಹಿಂದೂಪುರಕ್ಕೆ ಹೋಗಿ ಪತ್ರಿಕೆ ಅಚ್ಚು ಮಾಡಿಸಿದರು. ಹಿಂದೂಪುರ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರಿನ ಆಜ್ಞೆ ಅಲ್ಲಿ ನಡೆಯುತ್ತಿರಲಿಲ್ಲ.

ಎರಡನೆಯ ಬಾರಿ ಅವರನ್ನು ಸೆರೆಗೆ ತಳ್ಳಿದ್ದು ಸ್ವತಂತ್ರ ಭಾರತದ ಸರ್ಕಾರ. 1975ರಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ ಪ್ರಧಾನಿ ಇಂದಿರಾ ಗಾಂಧಿಯವರಿಗೆ ಪತ್ರ ಬರೆದು, ಅವರು ಸರ್ವಾಧಿಕಾರಿಯಂತೆ ವರ್ತಿಸುತ್ತಿದ್ದಾರೆಂದು ಆಕ್ಷೇಪಿಸಿದ್ದೇ ಅಪರಾಧವಾಯಿತು. ಬ್ರಿಟಿಷರ ಕಾಲದ ಸೆರೆವಾಸವನ್ನು ಮುಂದಿಟ್ಟು ಅವರು ಆಗ ವಿನಾಯಿತಿ ಕೇಳಲಿಲ್ಲ.

ಹಾಸನ ಜಿಲ್ಲೆಗೂ ಅವರಿಗೂ ಗಟ್ಟಿ ನಂಟು ಬೆಸೆದದ್ದು ಭೂಮಿಯ ಪ್ರಶ್ನೆ. ಅರಕಲಗೂಡು ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರು ನಗರ ಜಿಲ್ಲೆಯಲ್ಲಿ 27 ಸಾವಿರಕ್ಕೂ ಹೆಚ್ಚು ಎಕರೆ ಸರ್ಕಾರಿ ಜಮೀನು ಒತ್ತುವರಿಯಾಗಿದೆ ಎಂದು 2007ರಲ್ಲಿ ವರದಿ ಮಾಡಿತು. ನಂತರ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆ ಇಡೀ ರಾಜ್ಯದ ಚಿತ್ರವನ್ನೇ ಬಿಡಿಸಿತು: ಸುಮಾರು 11 ಲಕ್ಷ ಎಕರೆ. ವರದಿಗಳು ಕಪಾಟು ಸೇರಿದವು. ಆಗ ತೊಂಬತ್ತು ದಾಟಿದ್ದ ದೊರೆಸ್ವಾಮಿ, ರಾಮಸ್ವಾಮಿ ಮೊದಲಾದವರೊಂದಿಗೆ ಬೀದಿಗಿಳಿದರು. ಧರಣಿ 39 ದಿನ ನಡೆಯಿತು. ಭೂಗಳ್ಳತನದ ವಿಚಾರಣೆಗೆಂದೇ ವಿಶೇಷ ನ್ಯಾಯಾಲಯ ಬೇಕೆಂಬುದು ಹೋರಾಟದ ಮುಖ್ಯ ಒತ್ತಾಯ. ಅದು 2016ರಲ್ಲಿ ಈಡೇರಿತು. ಶಾಸಕರ ಸಮಿತಿಯೊಂದರ ವರದಿ ಜಾರಿಯಾಗಲು ಸ್ವಾತಂತ್ರ್ಯ ಹೋರಾಟಗಾರರು ಚಪ್ಪರದಡಿ ಕೂರಬೇಕಾಯಿತು ಎಂಬುದು ಶ್ಲಾಘನೆಗಿಂತ ಹೆಚ್ಚಾಗಿ ನಾಚಿಕೆಯ ಸಂಗತಿ.

2014ರಲ್ಲಿ ಇಬ್ಬರು ನಕ್ಸಲ್ ನಾಯಕರು ಶಸ್ತ್ರ ಕೆಳಗಿಟ್ಟು ಮುಖ್ಯವಾಹಿನಿಗೆ ಬಂದಾಗ ಮಧ್ಯಸ್ಥಿಕೆ ವಹಿಸಿದವರಲ್ಲಿ ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಅವರೊಂದಿಗೆ ದೊರೆಸ್ವಾಮಿಯೂ ಇದ್ದರು. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ನೆಲಸಮಗೊಳಿಸಿದಾಗಲೂ ಅವರು ಸಂತ್ರಸ್ತರ ಪರ ನಿಂತರು.

ಇಂತಹ ವ್ಯಕ್ತಿಯ ಹೋರಾಟಕ್ಕೇ 2020ರಲ್ಲಿ ಪುರಾವೆ ಕೇಳಲಾಯಿತು. ಪೌರತ್ವ ತಿದ್ದುಪಡಿ ಕಾಯ್ದೆಯನ್ನು ವಿರೋಧಿಸುತ್ತಿದ್ದ ಅವರನ್ನು ಬಿಜೆಪಿ ಶಾಸಕ ಬಸನಗೌಡ ಪಾಟೀಲ ಯತ್ನಾಳ ‘ನಕಲಿ ಸ್ವಾತಂತ್ರ್ಯ ಹೋರಾಟಗಾರ’ ಎಂದು ಕರೆದರು. ವಿಧಾನಸಭೆಯಲ್ಲಿ ಗದ್ದಲವಾಗಿ ಕಲಾಪ ನಿಂತಿತು. 1942ರ ಡಿಸೆಂಬರ್‌ನಿಂದ ಸುಮಾರು ಒಂದು ವರ್ಷ ಅವರು ಸೆರೆಯಲ್ಲಿದ್ದರೆಂದು ತಿಳಿಸುವ ಜೈಲಿನ ಪ್ರಮಾಣಪತ್ರ ಆಗ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಕಡತ ಸುಡಲು ಹೊರಟಿದ್ದವರ ನೆರವಿಗೆ ಕೊನೆಗೆ ಕಡತವೇ ಬಂದಿತು.

ಈ ಕಾಗದಕ್ಕೆ ಅಷ್ಟು ತೂಕವೇಕೆ? ಕೇಂದ್ರ ಸರ್ಕಾರ 1972ರ ಆಗಸ್ಟ್ 15ರಂದು ಹೋರಾಟಗಾರರ ಪಿಂಚಣಿ ಯೋಜನೆ ಜಾರಿಗೆ ತಂದಿತು; 1980ರಲ್ಲಿ ಅದು ‘ಸ್ವತಂತ್ರತಾ ಸೈನಿಕ ಸಮ್ಮಾನ್’ ಯೋಜನೆಯಾಯಿತು. ಸೆರೆವಾಸದ ಆಧಾರದಲ್ಲಿ ಅರ್ಹತೆ ಪಡೆಯಲು ಕನಿಷ್ಠ ಆರು ತಿಂಗಳು ಜೈಲಿನಲ್ಲಿದ್ದಿರಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮೂರು ತಿಂಗಳು. ಜೈಲಿನ ದಾಖಲೆ ಲಭ್ಯವಿಲ್ಲದಿದ್ದರೆ ಜೊತೆಯಲ್ಲಿ ಸೆರೆಯಲ್ಲಿದ್ದವರ ಪ್ರಮಾಣಪತ್ರ ಬೇಕು. ಸುಳ್ಳು ಹಕ್ಕುದಾರರನ್ನು ತಡೆಯಲು ಇಂತಹ ನಿಯಮ ಬೇಕೇ ಬೇಕು. ಆದರೆ ಹದಿನೈದು ದಿನ ಠಾಣೆಯಲ್ಲಿದ್ದು ಮರಳಿದ ರೈತನಾಗಲಿ, ಭೂಗತ ಕಾರ್ಯಕರ್ತರಿಗೆ ರಾತ್ರಿ ಅನ್ನವಿಕ್ಕಿದ ಮನೆಯೊಡತಿಯಾಗಲಿ ಈ ಅಳತೆಗೆ ಸಿಗಲಿಲ್ಲ. ಅಂಥವರ ಕಥೆ ಮೊಮ್ಮಕ್ಕಳ ಬಾಯಲ್ಲಿ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಹಬಂದಿಗಳ ಸಾಕ್ಷ್ಯದ ದಾರಿಯೂ ಈಗ ಬಹುತೇಕ ಮುಚ್ಚಿದೆ. 1942ರಲ್ಲಿ ಹದಿನಾರರ ಹುಡುಗನಾಗಿದ್ದವನಿಗೂ ಇಂದು ನೂರರ ಆಸುಪಾಸು. ದೊರೆಸ್ವಾಮಿ ತಮ್ಮ ನೆನಪುಗಳನ್ನು ‘ನೆನಪಿನ ಸುರುಳಿ ತೆರೆದಾಗ’ ಎಂಬ ಆತ್ಮಕಥೆಯಲ್ಲಿ ದಾಖಲಿಸಿದರು. ಕೋವಿಡ್‌ನಿಂದ ಚೇತರಿಸಿಕೊಂಡ ಕೆಲವೇ ದಿನಗಳಲ್ಲಿ, 2021ರ ಮೇ 26ರಂದು, 103ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರನ್ನು 1942ರಲ್ಲಿ ಕೂಡಿಹಾಕಿದ್ದ ಕೇಂದ್ರ ಕಾರಾಗೃಹ ಈಗ ಫ್ರೀಡಂ ಪಾರ್ಕ್ ಆಗಿದೆ. ರಾಜ್ಯದ ಮೂಲೆ ಮೂಲೆಯಿಂದ ಬೇಡಿಕೆ ಹೊತ್ತು ರಾಜಧಾನಿಗೆ ಬರುವವರು ಧರಣಿ ಕೂರುವುದು ಅಲ್ಲೇ.